ಟೀವಿಗೊಂದು ಬಾಲ

ಲ್ಯಾಪ್‌ಟಾಪ್‌ನಲ್ಲಿದ್ದ ‘ಬಂಗಾರದ ಮನುಷ್ಯ’ ಸಿನಿಮಾವನ್ನು ಟೀವಿಯಲ್ಲೇ ನೋಡಬೇಕೆಂದು ನಮ್ಮತ್ತೆಯವರ ಹಟ. ಚಿಕ್ಕ ಪರದೆಯಲ್ಲಿ ಅಣ್ಣಾವ್ರು ಹೆಬ್ಬೆರಳಷ್ಟೇ ಕಾಣ್ತಾರಂತೆ. ಸರಿ, ಕಮ್ಮನಹಳ್ಳಿ ಮೇನ್ ರೋಡಿಗೆ ಇಳಿದೆ. ಅಲ್ಲಿ ಮೋಮೊ, ಶವರ್ಮಾ ಹತ್ತು ಹೆಜ್ಜೆಗೊಂದು ಕಡೆ, ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸುವ ವೈರು ಕೇಳಿದರೆ ಮಾತ್ರ “ಎಸ್.ಪಿ. ರೋಡಿಗೆ ಹೋಗಿ ಸಾರ್.”

ಎದುರುಮನೆಯ ಇಂಜಿನಿಯರ್ ಹುಡುಗ, “ಅಂಕಲ್, ರಾಸ್ಪ್‌ಬೆರಿ ಪೈ ತಗೊಳ್ಳಿ” ಅಂದ. 2012ರಲ್ಲಿ ಬಂದ ಅಂಗೈಯಗಲದ ಕಂಪ್ಯೂಟರ್ ಅದು. ನನ್ನವಳು ಬೇಕರಿ ತಿಂಡಿ ಅಂದುಕೊಂಡು ತಟ್ಟೆ ತಂದಳು. ಟೀವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ಕಿಗೋ ವೈಫೈ ಬೇಕು. ನಮ್ಮ ಮನೆಯ ವೈಫೈ ಅಡುಗೆಮನೆ ದಾಟಿ ಬರುವುದಿಲ್ಲ.

ಕೊನೆಗೆ ಅಗ್ಗವೆಂದು ಹಳೆಯ ವಿಜಿಎ ಕೇಬಲ್ ತಂದೆ. ಅದು ಹೊರುವುದು ಚಿತ್ರವನ್ನಷ್ಟೇ, ಶಬ್ದವನ್ನಲ್ಲ ಅಂತ ನನಗೇನು ಗೊತ್ತು! 1934ರಲ್ಲಿ ‘ಸತಿ ಸುಲೋಚನ’ದೊಂದಿಗೆ ಮಾತು ಕಲಿತ ಕನ್ನಡ ಸಿನಿಮಾ ನಮ್ಮ ಹಾಲಿನಲ್ಲಿ ಮತ್ತೆ ಮೂಕಿಯಾಯಿತು. “ಇವನಿಗೇನು ಗಂಟಲು ಕಟ್ಟಿದೆಯಾ?” ಅಂದರು ಅತ್ತೆ. ಟೀವಿಯನ್ನೋ, ಅಳಿಯನನ್ನೋ, ತಿಳಿಯಲಿಲ್ಲ.

ಮಾರನೆಯ ದಿನ ಎಚ್‌ಡಿಎಂಐ ಕೇಬಲ್ ಬಂತು. ಚಿತ್ರವೂ ಬಂತು, ಮಾತೂ ಬಂತು. ಇದಕ್ಕಿಂತ ಅಗ್ಗದ, ಗೋಳಿಲ್ಲದ ದಾರಿ ಇನ್ನೊಂದಿಲ್ಲ. ಆದರೆ ನೀವು ಐದು ಮೀಟರಿನದೇ ಕೊಳ್ಳಿ. ಒಂದು ಮೀಟರಿನದು ತಂದ ನಾನು ಲ್ಯಾಪ್‌ಟಾಪ್ ಕೈಯಲ್ಲಿ ಹಿಡಿದು ಟೀವಿ ಪಕ್ಕದಲ್ಲೇ ನಿಂತಿದ್ದೇನೆ. ಇನ್ನೂ ಇಂಟರ್‌ವಲ್ ಆಗಿಲ್ಲ.