ಕೂಸಿಗೆ ಹಾಲು ಕುಡಿಸಿದ್ರೇನೋ?

ನಮ್ಮನೆ ಟಿವಿಯಲ್ಲಿ ಮತ್ತೊಂದು ಮಗು ಸಿಕ್ಕಿದೆ. ಈ ಸಲ ದೇವಸ್ಥಾನದ ಮೆಟ್ಟಿಲ ಮೇಲೆ. ಹೋದ ವರ್ಷದ್ದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತ್ತು, ಅದರ ಹಿಂದಿನದು ಕಾರಿನ ಹಿಂದಿನ ಸೀಟಿನಲ್ಲಿ. ಮೂರಕ್ಕೂ ಸುತ್ತಿದ್ದದ್ದು ಒಂದೇ ಗುಲಾಬಿ ಟವೆಲ್ಲು. ಧಾರಾವಾಹಿಯವರು ಮಗುವನ್ನು ಬೇಕಾದರೆ ಬದಲಾಯಿಸುತ್ತಾರೆ, ಟವೆಲ್ಲನ್ನಲ್ಲ.

ಮಗು ಸಿಗುವುದು ಯಾವಾಗಲೂ ನಾಯಕನಿಗೇ. ಅವನೋ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಕೋಟ್ಯಧೀಶ. ಆಫೀಸಿನಲ್ಲಿ ಅವನು ಮಾಡುವ ಏಕೈಕ ಕೆಲಸ ಫೈಲು ಎಸೆಯುವುದು. ಅಂಥವನ ಕೈಗೆ ಕೂಸು ಬಂದದ್ದೇ ತಡ, ಹಿನ್ನೆಲೆಯಲ್ಲಿ ಕೊಳಲು ಶುರು. "ಎರಡೇ ದಿನ ಇಟ್ಕೋತೀನಿ" ಅನ್ನುತ್ತಾನೆ. ಎದುರಿಗೆ ಸಿಡುಕುತ್ತ ನಿಂತ ನಾಯಕಿ, "ನಾನೂ ನೋಡ್ಕೋತೀನಿ, ಆದ್ರೆ ಮಗುಗೋಸ್ಕರ ಮಾತ್ರ" ಅನ್ನುತ್ತಾಳೆ. ಛತ್ರ ಬುಕ್ಕಾಯಿತು ಅಂತಲೇ ಲೆಕ್ಕ.

ಎಂಬತ್ತು ದಾಟಿದ ನಮ್ಮಮ್ಮ ಅವರೆಕಾಳು ಹಿದುಕುತ್ತ ಇದನ್ನೆಲ್ಲ ನೋಡುತ್ತಾಳೆ. ನಾಯಕ ಕೂಸಿನ ಕಣ್ಣಲ್ಲಿ ಕಣ್ಣಿಟ್ಟು ಬಾಲ್ಯ ನೆನೆದು ಅಳುವಾಗ ನಾವೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರೆ, ಅಮ್ಮನದು ಒಂದೇ ಪ್ರಶ್ನೆ: "ಇಷ್ಟೊತ್ತಾಯ್ತಲ್ಲ, ಆ ಕೂಸಿಗೆ ಹಾಲು ಕುಡಿಸಿದ್ರೇನೋ?" ಇಪ್ಪತ್ತು ದಿನದಿಂದ ಕೇಳುತ್ತಿದ್ದಾಳೆ. ಕುಡಿಸಿಲ್ಲ. ಕುಡಿಸದ ಮೇಲೆ ತೇಗಿಸುವ ಮಾತೂ ಇಲ್ಲ, ಬಟ್ಟೆ ಬದಲಾಯಿಸುವ ಮಾತೂ ಇಲ್ಲ. ಆ ಮಗುವಿಗೆ ಭೇದಿಯಾಗುವುದಿಲ್ಲ, ಲಸಿಕೆಯ ಜ್ವರ ಬರುವುದಿಲ್ಲ, ನಡುರಾತ್ರಿ ಮೂರಕ್ಕೆ ಎಚ್ಚರವಾಗುವುದಿಲ್ಲ. ಅದು ಅಳುವುದು ಸೋದರತ್ತೆ ಬಾಗಿಲಲ್ಲಿ ಹುಬ್ಬು ಹಾರಿಸಿದಾಗ ಮಾತ್ರ, ಅದೂ ಸಂಚಿಕೆಯ ಕೊನೆಗೆ.

ಸಿಕ್ಕ ಮಗುವನ್ನು ಸಾಕುವ ಕಥೆ ನಮಗೇನು ಹೊಸದಲ್ಲ. ಹೊಳೆಯಲ್ಲಿ ತೇಲಿಬಂದ ಪೆಟ್ಟಿಗೆಯ ಕೂಸನ್ನು ಅಧಿರಥ-ರಾಧೆ ಸಾಕಿದರು. ಮುಂದೆ ಉದ್ಯೋಗಪರ್ವದಲ್ಲಿ ಕೃಷ್ಣ ರಾಜ್ಯದ ಆಸೆ ತೋರಿಸಿ ಕರೆದಾಗ, ಕರ್ಣ ಒಲ್ಲೆನೆನ್ನಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು: ತನ್ನ ಮೇಲಿನ ಮಮತೆಗೆ ರಾಧೆಯ ಎದೆಯಲ್ಲಿ ಹಾಲುಕ್ಕಿತು, ತನ್ನ ಹೇಲು-ಉಚ್ಚೆ ಬಳಿದವಳು ಅವಳು, ಅವಳನ್ನು ಬಿಟ್ಟು ಹೇಗೆ ಬರಲಿ? ಅದನ್ನು ಬರೆಯಲು ವ್ಯಾಸರಿಗೆ ಸಂಕೋಚವಾಗಲಿಲ್ಲ. ನಮ್ಮ ಸಂಭಾಷಣೆಕಾರರು ಡೈಪರ್ ಎಂಬ ಪದವನ್ನೂ ಬರೆದವರಲ್ಲ. ಅಮ್ಮನ ಪ್ರಶ್ನೆಗೆ ವ್ಯಾಸರ ಹತ್ತಿರ ಉತ್ತರವಿದೆ, ಚಾನೆಲ್ಲಿನ ಹತ್ತಿರ ಇಲ್ಲ.

ಇನ್ನು ಕಾನೂನಿನ ವಿಷಯ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ತಿಳಿಸದೆ ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ದಂಡ, ಇಲ್ಲವೇ ಎರಡೂ. ನಮ್ಮ ನಾಯಕ ಯಾರಿಗೂ ತಿಳಿಸಿಲ್ಲ. ಆದರೆ ಅವನ ಪರ ವಕೀಲರಿಗೆ ಒಂದು ಗಟ್ಟಿ ವಾದವಿದೆ: ಧಾರಾವಾಹಿಯಲ್ಲಿ 24 ಗಂಟೆ ಮುಗಿಯುವುದಕ್ಕೆ ಮೂರು ವಾರ ಹಿಡಿಯುತ್ತದೆ, ಗಡುವು ಇನ್ನೂ ಮೀರಿಲ್ಲ.

ಪರದೇಶದವರೂ ಈ ವ್ಯಾಪಾರದಲ್ಲಿ ಹಿಂದೆ ಬಿದ್ದಿಲ್ಲ. 1987ರಲ್ಲಿ ಶುರುವಾದ 'ಫುಲ್ ಹೌಸ್'ನಲ್ಲಿ ಹೆಂಡತಿ ಸತ್ತ ಗಂಡನಿಗೆ ನಾಲ್ಕು ದಿನ ನೆರವಾಗಲೆಂದು ಬಂದ ಭಾವಮೈದುನ ಮತ್ತು ಗೆಳೆಯ 1995ರವರೆಗೂ ಜಾಗ ಬಿಡಲಿಲ್ಲ. ಅಲ್ಲಿನ ಪುಟ್ಟ ಮಗುವಿನ ಒಂದೇ ಪಾತ್ರಕ್ಕೆ ಅವಳಿ ಹುಡುಗಿಯರು. ಕೂಸಿನಿಂದ ಇಷ್ಟೇ ಹೊತ್ತು ದುಡಿಸಬೇಕೆಂದು ಅಲ್ಲಿ ಕಾಯ್ದೆ ಇದೆ. 2019ರ 'ದಿ ಮ್ಯಾಂಡಲೋರಿಯನ್'ಗೆ ಆ ತಲೆನೋವೂ ಇಲ್ಲ, ಅಲ್ಲಿನ ಹಸಿರು ಕೂಸು ಬೊಂಬೆ. ದುಡ್ಡಿಗಾಗಿ ಜನರನ್ನು ಹಿಡಿದುಕೊಡುವ ಕಟುಕನೊಬ್ಬ ಅದನ್ನು ಒಪ್ಪಿಸಿ, ಮನಸ್ಸು ತಡೆಯದೆ ಕದ್ದು ತಂದು ಸಾಕುತ್ತಾನೆ. ಮಗನ ಲ್ಯಾಪ್‌ಟಾಪಿನಲ್ಲಿ ಅಮ್ಮನಿಗೆ ತೋರಿಸಿದೆ. ಕೂಸು ಪಕ್ಕದ ಪ್ರಯಾಣಿಕಳು ಜೋಪಾನ ಮಾಡಿದ್ದ ಮೊಟ್ಟೆಗಳನ್ನೇ ಕದ್ದು ನುಂಗಿತು. ಅಮ್ಮನಿಗೆ ಸಮಾಧಾನ: "ಅಂತೂ ಏನೋ ತಿಂತಲ್ಲ ಕಣೋ." ಮೂರನೇ ಸೀಸನ್ನಿನ ಕೊನೆಗೆ ಆ ಕಟುಕ ಅದನ್ನು ವಿಧಿವತ್ತಾಗಿ ದತ್ತು ತಗೊಂಡು ಮನೆತನದ ಹೆಸರನ್ನೂ ಕೊಟ್ಟ. ತಾರಾಮಂಡಲದ ಆಚೆ ಇರುವವನಿಗೆ ಹೊಳೆದದ್ದು ಬೆಂಗಳೂರಿನ ಬಂಗಲೆಯಲ್ಲಿರುವವನಿಗೆ ಹೊಳೆಯುವುದಿಲ್ಲ.

ನಮ್ಮಲ್ಲಿ ಮಗುವಿಗೆ ಮಾತು ಬಂದರೆ ಇನ್ನೂ ಕಷ್ಟ. ನಾಲ್ಕು ವರ್ಷದ ಪುಟ್ಟಿ "ಅಂಕಲ್, ಪ್ರೀತಿ ಅಂದ್ರೆ ಕಾಯೋದು" ಅನ್ನುತ್ತಾಳೆ. ಅಜ್ಜಿಯ ಎದೆನೋವು ವಾಸಿ ಮಾಡುತ್ತಾಳೆ, ಆಸ್ತಿಪತ್ರದ ಕಳ್ಳಸಹಿ ಹಿಡಿಯುತ್ತಾಳೆ, ನಾಯಕನ ಸಿಟ್ಟು ಇಳಿಸುತ್ತಾಳೆ, ನಾಯಕಿಯ ಕೈಯನ್ನು ಅವನ ಕೈಗಿಡುತ್ತಾಳೆ. ಮೂವತ್ತು ದಾಟಿದ ಇಬ್ಬರು ದಡ್ಡರನ್ನು ಒಂದು ಮಗು ತಾತ್ಕಾಲಿಕವಾಗಿ ಸಾಕುವ ಕಥೆ ಇದು. ಶೀರ್ಷಿಕೆಯಲ್ಲಿ ಮಾತ್ರ ಉಲ್ಟಾ ಹಾಕಿರುತ್ತಾರೆ.

ಆ ಪಾತ್ರ ಮಾಡುವ ಮಗುವಿಗೂ ಕಾಯ್ದೆ ಇದೆ. 2017ರ ನಿಯಮದಂತೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ, ಸಂಪಾದನೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಸೆಟ್ಟಿನಲ್ಲಿ ಐದು ಮಕ್ಕಳಿಗೊಬ್ಬರಂತೆ ಜವಾಬ್ದಾರಿ ವ್ಯಕ್ತಿ ಇರಬೇಕು. ಇಡೀ ಧಾರಾವಾಹಿಯಲ್ಲಿ ಮಗುವನ್ನು ನಿಜಕ್ಕೂ ನೋಡಿಕೊಳ್ಳಬೇಕಾದವರು ಅವರೊಬ್ಬರೇ. ಅವರು ಕ್ಯಾಮೆರಾದ ಹಿಂದಿದ್ದಾರೆ.

ಮದುವೆ ಮುಗಿಯಿತೆಂದರೆ ಪುಟ್ಟಿಯ ಕೆಲಸವೂ ಮುಗಿಯಿತು. ಹೆತ್ತವರು ದೊಡ್ಡ ಕಾರಿನಲ್ಲಿ ಬರುತ್ತಾರೆ, ಇಲ್ಲವೇ ಊಟಿಯ ಬೋರ್ಡಿಂಗ್ ಶಾಲೆ. ನಾಯಕಿ ಒಂದೂವರೆ ಸಂಚಿಕೆ ಅಳುತ್ತಾಳೆ. ಗುರುವಾರ ಟಿಆರ್‌ಪಿ ಬರುತ್ತದೆ, ಸೋಮವಾರ ಹನಿಮೂನು. ಪುಟ್ಟಿಯ ಹೆಸರನ್ನು ಆಮೇಲೆ ಎತ್ತುವವರು ಅಮ್ಮ ಒಬ್ಬಳೇ: "ಆ ಮಗೂನ ಯಾರೂ ವಿಚಾರಿಸೋದೇ ಇಲ್ವಲ್ಲೋ!"

ಓದುಗರೇ, ಇಂಥವನ್ನು ನೋಡಿ ನೋಡಿ ಕೊಳಲಿಗೆ ಕಾಯುವ ಅಭ್ಯಾಸ ನಮಗೂ ಅಂಟಿರಬಹುದು. ನಾಳೆ ನಿಜವಾಗಿಯೂ ಮೆಟ್ಟಿಲ ಮೇಲೆ ಕೂಸು ಕಂಡರೆ ಆ ಕೊಳಲು ಕೇಳಿಸುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ.