ಬರುವ ಸೋಮವಾರ ಬನ್ನಿ

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನು ಅಂತ ಗಾದೆ ಕಟ್ಟಿದವರು ಕಮ್ಮಾರರ ತಂಟೆಗೆ ಹೋಗಲಿಲ್ಲ. ಕಬ್ಬಿಣದಲ್ಲಿ ಕದಿಯೋದಕ್ಕೆ ಏನಿದೆ ಅಂದುಕೊಂಡಿರಬೇಕು. ಕತ್ತಿ ಮಾಡಿಕೊಡಿ ಅಂತ ಮುಂಗಡ ಕೊಟ್ಟು ಬಂದವರನ್ನು ಒಂದು ಮಾತು ಕೇಳಿದ್ದರೆ ಅವರಿಗೂ ಒಂದು ಗಾದೆ ಸಿಗುತ್ತಿತ್ತು. ನಾನು ಕಂಡಂತೆ ಕತ್ತಿ ಮಾಡುವವರಲ್ಲಿ ಎರಡೇ ಪಂಗಡ. ಉಕ್ಕಿನ ವಿಷಯದಲ್ಲಿ ಸತ್ಯ ಹೇಳಿ ತಾರೀಖಿನಲ್ಲಿ ಸುಳ್ಳು ಹೇಳುವವರು ಒಂದು. ತಾರೀಖಿಗೆ ಸರಿಯಾಗಿ ತಂದುಕೊಟ್ಟು ಉಕ್ಕಿನಲ್ಲಿ ಸುಳ್ಳು ಹೇಳುವವರು ಇನ್ನೊಂದು. ಎರಡರಲ್ಲೂ ಸತ್ಯ ಹೇಳುವವರು ಇದ್ದಾರೆ ಅನ್ನುವವರು ಇನ್ನೂ ಮುಂಗಡ ಕೊಟ್ಟಿಲ್ಲ.

ನಮ್ಮ ಮಲೆನಾಡಿನಲ್ಲಿ ಸೊಪ್ಪಿಗೊಂದು, ಹಲಸಿಗೊಂದು, ಅಡಿಕೆ ಸುಲಿಯಲು ಇನ್ನೊಂದು ಅಂತ ಕತ್ತಿಗಳಿಗೆ ಬರವಿಲ್ಲ. ಆದರೆ ನನ್ನ ಹೆಂಡತಿ ಎಡಚಿ. ಒಂದೇ ಮಗ್ಗುಲಿಗೆ ಮಸೆದ ಕತ್ತಿ ಎಡಗೈಗೆ ಬಂದರೆ ಸೌತೆಕಾಯಿಯನ್ನು ನೇರ ಕೊಯ್ಯುವುದು ಬಿಟ್ಟು ಪಕ್ಕಕ್ಕೆ ವಾಲುತ್ತದೆ. ಜಗತ್ತಿನ ಕತ್ತಿಗಳೆಲ್ಲ ಬಲಗೈಯವರ ಪಕ್ಷಪಾತಿಗಳು ಅನ್ನುವುದು ಅವಳ ಹಳೆಯ ದೂರು. ಹಾಗಾಗಿ ಹೇಳಿಯೇ ಮಾಡಿಸಬೇಕಾಯಿತು.

ಮೊದಲು ಸಿಕ್ಕಿದ್ದು ಎರಡನೆಯ ಪಂಗಡದವರು, ಪೇಟೆಯವರು. 'ಅಸಲಿ ಡಮಾಸ್ಕಸ್ ಉಕ್ಕು' ಅಂದರು, ಹೇಳಿದ ದಿನವೇ ಕಳಿಸಿದರು. ಅಲಗಿನ ಮೇಲೆಲ್ಲ ನೀರಿನ ಅಲೆಯಂಥ ಚಿತ್ತಾರ. ಕಣ್ಣು ತಂಪಾಯಿತು. ಸಾಣೆಕಲ್ಲಿಗೆ ಕೊಟ್ಟು ಒಂದಿಷ್ಟು ಉಜ್ಜಿದ್ದೇ ತಡ, ಅಲೆ ಇಳಿದುಹೋಯಿತು. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದ ಅಲಗಾದರೆ ಚಿತ್ತಾರ ಒಳಗಿನವರೆಗೂ ಇರುತ್ತದೆ. ಉಜ್ಜಿ ಅಳಿಸಿದರೂ ಮತ್ತೆ ಆಸಿಡ್ಡಿನಲ್ಲಿ ಅದ್ದಿದಾಗ ಮೇಲೇಳುತ್ತದೆ. ಇದು ಬರೀ ಮೇಲೆ ಅಚ್ಚು ಹಾಕಿದ್ದು. ನನಗೆ ದುಡ್ಡು ಹೋದದ್ದಕ್ಕಿಂತ ಇನ್ನೊಂದಕ್ಕೆ ಹೊಟ್ಟೆ ಉರಿಯಿತು. ಡಮಾಸ್ಕಸ್ ಕತ್ತಿಯ ಹೆಸರು ಮೆರೆಸಿದ ಉಕ್ಕು ಹಡಗು ಹತ್ತಿದ್ದೇ ನಮ್ಮ ದಕ್ಷಿಣದಿಂದ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವ ಬಗೆಯನ್ನು ಕೂತು ಬರೆದುಕೊಂಡ. 1819ರಲ್ಲಿ ಮೈಕೆಲ್ ಫ್ಯಾರಡೆ, ಅವನೂ ಕಮ್ಮಾರನ ಮಗನೇ, ಲಂಡನ್ನಿನಲ್ಲಿ ಅದೇ ಉಕ್ಕನ್ನು ಪರೀಕ್ಷೆಗೆ ಹಚ್ಚಿದ. ಅಂಥ ಮನೆತನದವರಿಗೆ ಅಚ್ಚು ಹಾಕಿದ ಅಲೆ ಮಾರುವುದೆಂದರೆ!

ಕೊನೆಗೆ ನಮ್ಮೂರ ಆಚಾರ್ರ ಕುಲುಮೆಗೇ ಹೋದೆ.

"ಇದು ಯಾವ ಉಕ್ಕು ಆಚಾರ್ರೇ?"

"ಲಾರಿ ಪಟ್ಟಿ."

"ಯಾವ ಲಾರಿಯದು?"

"ಅದನ್ನ ಗುಜರಿ ಸಾಹೇಬ್ರನ್ನ ಕೇಳಿ ಮೇಷ್ಟ್ರೇ."

"ತುಕ್ಕು ಹಿಡಿಯುತ್ತಾ?"

"ಒರೆಸದೆ ಇಟ್ರೆ ಹಿಡೀದೆ ಇನ್ನೇನು ಮಾಡ್ತದೆ?"

"ತೆಂಗಿನಕಾಯಿ ಒಡೀಬಹುದಾ?"

"ಧಾರಾಳ ಒಡೀರಿ. ಆಮೇಲೆ ನನ್ನ ಹತ್ರ ತರಬೇಡಿ."

ಇಷ್ಟು ಕೇಳಿದ ಮೇಲೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ತನ್ನ ಮಾಲಿನ ಕುಂದನ್ನು ಕೇಳಿದ ಕೂಡಲೇ ಒಪ್ಪಿಕೊಳ್ಳುವ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಲಾರಿ ಪಟ್ಟಿಯಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಇಂಗಾಲ ಇರುತ್ತದೆ, ಅದಕ್ಕೇ ಕಾಸಿ ಅದ್ದಿದರೆ ಗಡುಸಾಗುತ್ತದೆ; ಗ್ರಿಲ್ ಮಾಡುವ ಮೆದು ಕಬ್ಬಿಣವನ್ನು ಎಷ್ಟು ಸಲ ನೀರಿಗೆ ಮುಳುಗಿಸಿದರೂ ಪುಣ್ಯಸ್ನಾನವಷ್ಟೇ.

ಹದ ಹಾಕುವುದನ್ನು ನೋಡಬೇಕು ಅಂದೆ. "ಕತ್ತಲಾಗ್ಲಿ" ಅಂದರು. ಬಿಸಿಲಿನಲ್ಲಿ ಕೆಂಪು ಎಷ್ಟು ಕೆಂಪು ಅಂತ ತಿಳಿಯುವುದಿಲ್ಲವಂತೆ. ಮಬ್ಬಾದ ಮೇಲೆ ಅಲಗನ್ನು ಕೆಂಡದಿಂದ ತೆಗೆದು ಬಾಯಿಯ ಕಡೆಯನ್ನಷ್ಟೇ ನೀರಿಗೆ ಹಿಡಿದರು, ಬೆನ್ನು ಹೊರಗೇ ಇತ್ತು. ಚುಂಯ್ ಅಂದದ್ದೇ ಎತ್ತಿ, ಇಟ್ಟಿಗೆಯ ಚೂರಿನಿಂದ ಬಾಯಿಯನ್ನು ಬರಬರ ಉಜ್ಜಿ ಹೊಳಪು ಬರಿಸಿದರು. ಬೆನ್ನಿನಲ್ಲಿ ಉಳಿದ ಕಾವು ನಿಧಾನ ಕೆಳಗಿಳಿಯಿತು. ಹೊಳಪಿನ ಮೇಲೆ ಒಣಹುಲ್ಲಿನ ಬಣ್ಣ ಹರಿದು ಬಂತು, ಅದರ ಹಿಂದೆಯೇ ನೇರಳೆ. ನೇರಳೆ ಬಾಯಿ ಮುಟ್ಟುವುದರೊಳಗೆ ಇಡೀ ಅಲಗು ನೀರಿಗೆ. ಆಮೇಲೆ ಅರ ಕೊಟ್ಟು "ಉಜ್ಜಿ ನೋಡಿ" ಅಂದರು. ಅರ ಕಚ್ಚಲಿಲ್ಲ, ಜಾರಿತು.

ಅಮೆರಿಕದವರು ಇದಕ್ಕೆ ಪರೀಕ್ಷೆಯನ್ನೇ ಇಟ್ಟಿದ್ದಾರೆ. 1976ರಲ್ಲಿ ಶುರುವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯಲ್ಲಿ ದರ್ಜೆ ಬೇಕೆಂದರೆ, ನಿಮ್ಮ ಕತ್ತಿ ತೂಗುಬಿಟ್ಟ 1 ಅಂಗುಲದ ಹಗ್ಗವನ್ನು ಒಂದೇ ಬೀಸಿಗೆ ತುಂಡರಿಸಬೇಕು, ಮರದ ರೀಪನ್ನು ಎರಡು ಸಲ ಕಡಿಯಬೇಕು, ಅದಾದ ಮೇಲೂ ಮುಂಗೈಯ ರೋಮ ಬೋಳಿಸಬೇಕು, ಕಡೆಗೆ ವೈಸಿಗೆ ಸಿಕ್ಕಿಸಿ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಪಾಸಾದ ಕತ್ತಿ ಡೊಂಕಾಗಿ ಯಾರಿಗೂ ಮಾರುವಂತಿಲ್ಲ. ಪ್ರಾಮಾಣಿಕತೆಗೆ ಇಷ್ಟು ಖರ್ಚಿದೆ ಅಂತ ಆಚಾರ್ರಿಗೆ ಹೇಳಿದೆ. "ಬಗ್ಗಿಸೋದು ಯಾಕೆ? ಕೊಯ್ಯೋದಕ್ಕಲ್ವಾ ಮಾಡಿದ್ದು?" ಅಂದರು.

ಇನ್ನು ತಾರೀಖು. "ಬರೋ ಸೋಮವಾರ ಬನ್ನಿ" ಅನ್ನುತ್ತಿದ್ದರೇ ಹೊರತು ಯಾವ ಸೋಮವಾರ ಅಂತ ಆಚಾರ್ರು ಬಾಯಿ ಬಿಟ್ಟವರಲ್ಲ. ಒಂದು ಸೋಮವಾರ ಅಮಾವಾಸ್ಯೆ, ಇನ್ನೊಂದಕ್ಕೆ ಇದ್ದಿಲು ಬಂದಿಲ್ಲ, ಮತ್ತೊಂದಕ್ಕೆ ಕರೆಂಟಿಲ್ಲದೆ ಗಾಳಿಯ ಮೋಟಾರು ತಿರುಗಲಿಲ್ಲ. ಆಮೇಲೆ ಗದ್ದೆ ಕೊಯ್ಲು ಬಂತು. ಊರಿನ ಕುಡುಗೋಲುಗಳೆಲ್ಲ ನಮ್ಮ ಸೌತೆಕಾಯಿಗಿಂತ ಮುಂದೆ ಸಾಲು ನಿಂತವು. ಅದರಲ್ಲಿ ತಕರಾರು ತೆಗೆಯುವಂತಿರಲಿಲ್ಲ. ಆಚಾರ್ರ ಮಗ ಮಾತ್ರ ವಾಟ್ಸಾಪಿನಲ್ಲಿ ಅರ್ಧ ಆದ ಅಲಗಿನ ಫೋಟೋ ಕಳಿಸುತ್ತಿದ್ದ, ಹುಡುಗಿ ಕಡೆಯವರಿಗೆ ಕಳಿಸುವಂತೆ, ಒಳ್ಳೆಯ ಬೆಳಕಿನಲ್ಲಿ.

ಬಂತು, ಅಂತೂ. ಬೈನೆ ಮರದ ಹಿಡಿ, ಎಡಗೈಗೆ ಸರಿಯಾಗಿ ಮಸೆದ ಬಾಯಿ. ಹೆಂಡತಿ ಈರುಳ್ಳಿ ಹೆಚ್ಚಿ ನೋಡಿದಳು, ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದೇ ಮೆಚ್ಚುಗೆ. "ಮೇಷ್ಟ್ರು ಇದನ್ನ ಮುಟ್ಟಬಾರ್ದು, ಬಲಗೈಗೆ ಹಾಳಾಗ್ತದೆ" ಅಂತ ಆಚಾರ್ರ ಕಟ್ಟಪ್ಪಣೆ ಬೇರೆ. ತರಕಾರಿ ಹೆಚ್ಚುವ ಕೆಲಸದಿಂದ ನಾನು ಶಾಸ್ತ್ರೋಕ್ತವಾಗಿ ಮುಕ್ತನಾದೆ. ಕೆಲವು ದಿನ ಸುಖವಾಗಿಯೇ ಇತ್ತು. ಆಮೇಲೆ ತಿಳಿಯಿತು, ಅವಳು ಕುಲುಮೆಗೆ ಹೋದವಳು ಬಲಗೈಯವರದ್ದೊಂದು ಕತ್ತಿ ಬೇಕು ಅಂತ ಹೇಳಿ, ಮುಂಗಡವನ್ನೂ ತಾನೇ ಕೊಟ್ಟು ಬಂದಿದ್ದಾಳೆ. ಬರೋ ಸೋಮವಾರ ಕೊಡುತ್ತೇನೆ ಅಂದಿದ್ದಾರಂತೆ. ಆಚಾರ್ರ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ.