ಠೇವಣಿ ಗೌಡರು

ಪ್ರತಿ ಚುನಾವಣೆಗೂ ಠೇವಣಿ ಇಟ್ಟು, ಪ್ರತಿ ಸಲವೂ ಪೂರ್ತಿ ವಾಪಸು ಪಡೆಯುವ ಗಂಡಸು ನೇಸರಗಿ ಸೀಮೆಯಲ್ಲಿ ಯಾರಾದರೂ ಇದ್ದರೆ ಅವರು ನಮ್ಮ ಗೌಡರು. ಹಾಗಂತ ಅವರು ಯಾವ ಚುನಾವಣೆಗೂ ನಿಂತವರಲ್ಲ. ನೀತಿಸಂಹಿತೆ ಜಾರಿಯಾದೊಡನೆ ಲೈಸೆನ್ಸಿನ ಆಯುಧ ಠಾಣೆಗೆ ಒಪ್ಪಿಸಬೇಕಲ್ಲ, ಆ ಠೇವಣಿ. ಉಳಿದವರು ಹೊಲ ಕಾಯುವ ಬಂದೂಕನ್ನು ಚೀಲದಲ್ಲಿ ಸುತ್ತಿ, ಬೈಕಿಗೆ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಾರೆ. ಗೌಡರದು ಇಟಲಿಯ ಬೆರೆಟ್ಟಾ ಪಿಸ್ತೂಲು, 1935ರ ಮಾದರಿ. ಅದು ಬೈಕಿನ ಮೇಲೆ ಹೋಗುವುದುಂಟೇ?

ಇಸ್ತ್ರಿ ಧೋತರ, ಪಟಗಾ, ಕೈಯಲ್ಲಿ ಕೆಂಪು ಮಕಮಲ್ಲಿನ ಡಬ್ಬಿ. ನೆಟ್ಟಗೆ ಠಾಣೆಗೆ ಹೋಗದೆ ಬಜಾರು, ಬ್ಯಾಂಕು, ಸೊಸೈಟಿ ಎಲ್ಲ ಸುತ್ತಿ ಹೋಗುತ್ತಾರೆ. ಆಯುಧ ಪ್ರದರ್ಶಿಸುವಂತಿಲ್ಲ ಎಂಬ ಕಾನೂನು ಗೊತ್ತಿರುವುದರಿಂದ ಡಬ್ಬಿಯನ್ನಷ್ಟೇ ಪ್ರದರ್ಶಿಸುತ್ತಾರೆ.

ನಾನು ಅದರ ಒಳಗಿನದನ್ನು ಕಂಡದ್ದು ಖಂಡೆ ಪೂಜೆಯ ದಿನ. ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಕೀಲಿಗಳ ನಡುವೆ ಒಂದು ಗೇಣೂ ಉದ್ದವಿಲ್ಲದ ಕಪ್ಪು ವಸ್ತು. ಮೇಲ್ಭಾಗ ಕತ್ತರಿಸಿದಂತೆ ತೆರೆದು ನಳಿಗೆ ಕಾಣುತ್ತದೆ. ಹಿಡಿಕೆಯ ಬುಡದಲ್ಲಿ ಕಿರುಬೆರಳು ಊರಲು ಸಣ್ಣ ಕೊಕ್ಕೆ. ಎಂಟು ಗುಂಡಿನ ಜಾಗ. 1941 ಎಂಬ ಇಸವಿಯ ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ ಹತ್ತೊಂಬತ್ತು. ಮುಸೋಲಿನಿ 1922ರಿಂದ ತನ್ನದೇ ಶಕ ಎಣಿಸಲು ಶುರು ಮಾಡಿದ್ದನಲ್ಲ, ಅದರ ಲೆಕ್ಕ. ಶಾಲಿವಾಹನನ ಶಕವಾದರೂ ನಿಂತಿತು, ಈ ಪುಣ್ಯಾತ್ಮನದು ಪಿಸ್ತೂಲಿನ ಮೇಲಷ್ಟೇ ಉಳಿಯಿತು. ಗೌಡತಿ ಎಲ್ಲದಕ್ಕೂ ಎಳೆದಂತೆ ಅದಕ್ಕೂ ಧಾರಾಳವಾಗಿ ವಿಭೂತಿ ಎಳೆದಿದ್ದರು. ನಳಿಗೆಯೊಳಗೆ ಹೋದ ವಿಭೂತಿ ತೆಗೆಯಲು ಗೌಡರು ದೀಪಾವಳಿತನಕ ಹೆಣಗಿದರು.

ಪಿಸ್ತೂಲು ಬಂದದ್ದು ಅಜ್ಜನಿಂದ. ಬೆಳಗಾವಿಯ ಮರಾಠಾ ಪಲ್ಟನ್ನಿನಲ್ಲಿದ್ದ ಅಜ್ಜ ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿದ್ದರಂತೆ. 1945ರಲ್ಲಿ ಸೆನಿಯೊ ನದಿಯ ಹತ್ತಿರ ನಾಮದೇವ ಜಾಧವ ವಿಕ್ಟೋರಿಯಾ ಕ್ರಾಸ್ ಗೆದ್ದದ್ದು ಚರಿತ್ರೆ. ಆಗ ಪಕ್ಕದಲ್ಲೇ ಗೌಡರ ಅಜ್ಜ ಇದ್ದದ್ದು ಚಹಾದಂಗಡಿಯ ಚರಿತ್ರೆ. ಮೊದಮೊದಲು ಗೌಡರ ಕಥೆಯಲ್ಲಿ ಪಿಸ್ತೂಲು ಪೊದೆಯಲ್ಲಿ ಬಿದ್ದಿತ್ತು. ಆಮೇಲೆ ಕಾಲಾಳು ಕ್ಯಾಪ್ಟನ್ನೊಬ್ಬ ಮಂಡಿಯೂರಿ ಒಪ್ಪಿಸಿದ. ಕಾಲೇಜು ಹುಡುಗನೊಬ್ಬ, ಇದರ ಮೇಲಿರುವುದು ಇಟಲಿಯ ವಾಯುಪಡೆಯ ಮುದ್ರೆ ಎಂದ ಮರುದಿನವೇ ಆ ಕ್ಯಾಪ್ಟನ್ ವಿಮಾನ ಹತ್ತಿದ.

ಗೌಡರಿಗೆ ಸಿಟ್ಟು ಬರಿಸುವ ಪ್ರಶ್ನೆ ಒಂದೇ: "ಗಾಂಧೀಜಿನ್ನ ಹೊಡದದ್ದು ಇಂಥಾದ್ರಲೇನ್ರೀ?"

"ಏ ಖೋಡಿ! ಗೋಡ್ಸೆ ಕೈಯಾಗಿದ್ದದ್ದು 1934ರ ಮಾದರಿ. ನಂದು ಮೂವತ್ತೈದು! ಅದರ ಗುಂಡು ಬ್ಯಾರೆ, ಇದರ ಗುಂಡು ಬ್ಯಾರೆ!" ಒಂದೇ ಕಾರ್ಖಾನೆಯ ಅಣ್ಣತಮ್ಮಂದಿರಾದರೂ ತಮ್ಮನ ತಪ್ಪೇನು ಎಂಬುದು ಅವರ ವಾದ. ಅದು ಒಪ್ಪತಕ್ಕದ್ದೇ. ಬೆರೆಟ್ಟಾ ಮನೆತನ 1526ರಲ್ಲೇ ವೆನಿಸ್‌ಗೆ 185 ನಳಿಗೆ ಮಾರಿದ್ದನ್ನೂ ಅವರು ಬೀಗರ ವಂಶಾವಳಿಯಂತೆ ಹೇಳುತ್ತಾರೆ.

ಇಷ್ಟಾಗಿಯೂ ಆ ಪಿಸ್ತೂಲು ಢಂ ಎಂದದ್ದನ್ನು ಯಾರೂ ಕೇಳಿಲ್ಲ. ಗೋವಿನಜೋಳಕ್ಕೆ ಹಂದಿ ನುಗ್ಗಿದಾಗ ಆಳು ಓಡಿ ಬಂದು ಕರೆದರೆ, "ಇಟಲಿ ಗುಂಡು ಹಂದಿಗ್ಯಾಕೋ?" ಎಂದು ಮಗ್ಗುಲು ಬದಲಿಸಿದರು. ಅಂದು ಹಂದಿ ಓಡಿಸಿದ್ದು ಗೌಡತಿಯ ಕವಣೆ.

ಒಮ್ಮೆ ಚಹಾದಂಗಡಿಯಲ್ಲಿ ಗೌಡರು ರಂಗೇರಿ, "ನಮ್ಮ ಅಮಟೂರ ಬಾಳಪ್ಪ 1824ರಾಗ ಕಿತ್ತೂರಿನ್ಯಾಗ ಥ್ಯಾಕರೆನ್ನ ಹೊಡದು ಕೆಡವಿದ. ಇದು ಬಂದೂಕಿನ ಸೀಮಿ!" ಎಂದರು. ಚಹಾ ಸೋಸುತ್ತಿದ್ದವನು ತಲೆ ಎತ್ತಲಿಲ್ಲ: "ಖರೇರಿ ಗೌಡ್ರ. ಬಾಳಪ್ಪ ಹಾರಿಸಿದ್ದ. ಠೇವಣಿ ಇಟ್ಟಿದ್ದಿಲ್ಲ."

ಆ ಮಾತಿಗಿಂತ ಗೌಡರನ್ನು ಹೆಚ್ಚು ನೋಯಿಸಿದ್ದು ಸರಕಾರ. ಜಿಲ್ಲಾ, ತಾಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದರೂ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಒಂದು ಮೆರವಣಿಗೆ ಸುಮ್ಮನೆ ತಪ್ಪಿತು. ಮೀಸಲಾತಿ ಪಟ್ಟಿ ಎಲ್ಲಿಗೆ ಬಂತು, ಕೋರ್ಟು ಏನಂದಿತು ಎಂದು ಟಿಕೆಟ್ ಬೇಡುವವರಿಗಿಂತ ಮೊದಲು ಪೇಪರು ಬಿಡಿಸಿ ನೋಡುವವರು ಅವರೇ.